ನಮ್ಮ ಮನೆಯ ದೀಪ, ನಮ್ಮ ಕೈಯ ಲೆಕ್ಕ

(ಕಲಿಕಾ ಕೇಂದ್ರದ ಅಕ್ಕಂದಿರ ಮುಂದೆ ಡಿಸೆಂಬರ್ 14ರ ಸಂಜೆ ಆಡಿದ ಮಾತು)



ಮನೆ ಕೆಲಸ ಮುಗಿಸಿ, ಹಾಲು ಕರೆದು, ಮಕ್ಕಳಿಗೆ ಊಟಕ್ಕೆ ಇಟ್ಟು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಕಾಲಕ್ಕೆ ಬೆಲೆ ಇದೆ. ಅದಕ್ಕೇ ನಾನು ಬಳಸು ಮಾತು ಆಡುವುದಿಲ್ಲ. ಇವತ್ತು ಡಿಸೆಂಬರ್ 14. ನಮ್ಮ ದೇಶದಲ್ಲಿ ಈ ದಿನವನ್ನು ಇಂಧನ ಉಳಿತಾಯದ ದಿನ ಎಂದು ಆಚರಿಸುತ್ತಾರೆ. ಅದಕ್ಕೆ ಇವತ್ತು ದೀಪದ ಮಾತು ಆಡೋಣ.

ಮೊದಲು ನನ್ನ ಅಜ್ಜಿಯ ಕತೆ ಹೇಳುತ್ತೇನೆ. ಇದು ನಡೆದ ಕತೆ.

ಅಜ್ಜಿಯ ಊರು

ನನ್ನ ಅಜ್ಜಿಯ ಊರು ಶರಾವತಿ ನದಿಯ ದಂಡೆಯಲ್ಲಿ ಇತ್ತು. ಈಗ ಆ ಊರು ಇಲ್ಲ. ಅದು ನೀರಿನ ಅಡಿಯಲ್ಲಿದೆ.

ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ದೊಡ್ಡ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯಿತು. ನೀರು ನಿಂತಿತು. ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಸಾವಿರಾರು ಜನ ಮನೆ, ಗದ್ದೆ, ತೋಟ, ದೇವಸ್ಥಾನ ಎಲ್ಲ ಬಿಟ್ಟು ಹೊರಟರು. ನನ್ನ ಅಜ್ಜಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಲಾಟೀನು ಹಿಡಿದು ಬಂದವರು. ಆಗ ಅವರಿಗೆ ಇಪ್ಪತ್ತು ದಾಟಿತ್ತಷ್ಟೆ.

ಅಣೆಕಟ್ಟು ಕಟ್ಟಿದ್ದು ಯಾಕೆ? ಕರೆಂಟು ತಯಾರಿಸಲಿಕ್ಕೆ. ನಿಂತ ನೀರನ್ನು ದೊಡ್ಡ ಕೊಳವೆಗಳಲ್ಲಿ ಕೆಳಗೆ ಬಿಡುತ್ತಾರೆ. ರಭಸವಾಗಿ ಬಂದ ನೀರು ಯಂತ್ರದ ಚಕ್ರ ತಿರುಗಿಸುತ್ತದೆ. ಚಕ್ರ ತಿರುಗಿದರೆ ಕರೆಂಟು ಹುಟ್ಟುತ್ತದೆ. ತಂತಿಯ ಮೇಲೆ ಹರಿದು ಊರೂರಿಗೆ ಹೋಗುತ್ತದೆ.

ಆದರೆ ಊರು ಬಿಟ್ಟು ಬಂದವರ ಮನೆಗೇ ಕರೆಂಟು ಬರಲಿಲ್ಲ. ನಮ್ಮ ಮನೆಗೆ ಬಂದದ್ದು 1996ರಲ್ಲಿ. ಭಾಗ್ಯಜ್ಯೋತಿಯಲ್ಲಿ ಒಂದೇ ಒಂದು ಬಲ್ಬು. ಆಗ ನಾನು ಚಿಕ್ಕ ಹುಡುಗಿ. ಅಲ್ಲಿಯವರೆಗೆ ಬುಡ್ಡಿ ದೀಪವೇ ಗತಿ. ಬುಡ್ಡಿಯ ಮುಂದೆ ಕೂತು ಓದಿದರೆ ಬೆಳಗ್ಗೆ ಮೂಗಿನಲ್ಲಿ ಕರಿ ಮಸಿ. ಅಮ್ಮನಿಗೆ ಯಾವಾಗಲೂ ಕೆಮ್ಮು.

ಬಲ್ಬು ಹತ್ತಿದ ದಿನ ಅಜ್ಜಿ ಅದನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದರು. ಆಮೇಲೆ ಹೇಳಿದರು:

"ಮಗಾ, ನಾವು ಊರು ಬಿಟ್ಟಿದ್ದು ಇದಕ್ಕೇ ಕಣೆ. ಸುಮ್ಮನೆ ಉರಿಸಬೇಡ."

ಅಜ್ಜಿ ಯಾವತ್ತೂ "ದೀಪ ಆರಿಸು" ಎನ್ನುತ್ತಿರಲಿಲ್ಲ. "ದೀಪ ಶಾಂತ ಮಾಡು" ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅವರ ಊರಿನ ಕಡೆ ಹಳೆಯ ಮನೆಗಳ ಪಂಚಾಂಗದ ಕಲ್ಲು ಕಾಣುತ್ತದೆ. ಅದನ್ನು ಒಂದು ಸಲ ಅಜ್ಜಿ ನನಗೆ ತೋರಿಸಿದರು. ಅವತ್ತಿನಿಂದ ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.

"ಕರೆಂಟು ಪುಕ್ಕಟೆ ಅಲ್ವಾ ಟೀಚರ್?"

ಈ ಮಾತನ್ನು ಹೇಳಿದ ಕೂಡಲೇ ನಮ್ಮ ಕೇಂದ್ರದ ಒಬ್ಬ ಅಕ್ಕ ಕೇಳಿದರು, "ಕರೆಂಟು ಈಗ ಪುಕ್ಕಟೆ ಅಲ್ವಾ ಟೀಚರ್? ಉಳಿಸಿ ಏನು ಮಾಡೋದು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನಾನು ಹೇಳಲಿಲ್ಲ. ಆ ಅಕ್ಕನ ಮನೆಯ ಬಿಲ್ಲೇ ಹೇಳಿತು.

ಗೃಹಜ್ಯೋತಿ ಯೋಜನೆ 2023ರಲ್ಲಿ ಆರಂಭವಾಯಿತು. ಎಲ್ಲರ ಬಾಯಲ್ಲೂ "200 ಯೂನಿಟ್ ಪುಕ್ಕಟೆ" ಎಂಬ ಮಾತು. ಆದರೆ ಎಲ್ಲ ಮನೆಗೂ 200 ಅಲ್ಲ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ನೋಡಿದರು. ಅದಕ್ಕೆ ಸ್ವಲ್ಪ ಸೇರಿಸಿ ಆ ಮನೆಗೆ ಒಂದು ಮಿತಿ ಇಟ್ಟರು. ಮಿತಿಯ ಒಳಗೆ ಇದ್ದರೆ ಬಿಲ್ಲು ಸೊನ್ನೆ. ಮಿತಿ ದಾಟಿದರೆ ದಾಟಿದ ಯೂನಿಟ್ಟಿಗೆ ಹಣ. 200 ದಾಟಿದರೆ ಪೂರ್ತಿ ಬಿಲ್ಲಿಗೆ ಹಣ.

ನಮ್ಮ ಅಕ್ಕನ ಮನೆಯ ಬಿಲ್ಲು ಎಷ್ಟೋ ತಿಂಗಳು ಸೊನ್ನೆ ಬಂತು. ಆಮೇಲೆ ಒಂದು ತಿಂಗಳು ಹಣ ಕಟ್ಟಿ ಎಂದು ಬಂತು. ಮುಂದಿನ ತಿಂಗಳೂ ಬಂತು. ಗಂಡ ರೇಗಿದರು. "ಮೀಟರ್ ಓದುವವನು ತಪ್ಪು ಬರೆದಿದ್ದಾನೆ, ಹೋಗಿ ಜಗಳ ಮಾಡುತ್ತೇನೆ" ಎಂದರು. ಅಕ್ಕ ಹೇಳಿದರು, "ಸ್ವಲ್ಪ ತಾಳಿ. ನಾನು ಈಗ ಅಂಕಿ ಓದುತ್ತೇನೆ. ಮೊದಲು ನೋಡೋಣ."

ಬಿಲ್ಲನ್ನು ಕೇಂದ್ರಕ್ಕೆ ತಂದರು. ಎಲ್ಲರೂ ಸುತ್ತ ಕೂತು ಓದಿದೆವು.

ಇಂದಿನ ರೀಡಿಂಗ್ 4206.
ಹಿಂದಿನ ರೀಡಿಂಗ್ 4120.
ದೊಡ್ಡದರಲ್ಲಿ ಚಿಕ್ಕದನ್ನು ಕಳೆದೆವು. 86 ಬಂತು.
ಆ ಮನೆಗೆ ಇದ್ದ ಮಿತಿ 55.
86ರಲ್ಲಿ 55 ಕಳೆದರೆ 31.

31 ಯೂನಿಟ್ ಹೆಚ್ಚು! ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೂ 186 ರೂಪಾಯಿ ಆಯಿತು. ಮನೆಗೆ ಹೋಗಿ ಮೀಟರ್ ನೋಡಿದೆವು. ಮೀಟರ್ ಓದಿದವನದು ತಪ್ಪಿಲ್ಲ. ಅಂಕಿ ಸರಿಯಾಗೇ ಇತ್ತು. ಹಾಗಾದರೆ ಆ 31 ಯೂನಿಟ್ ಎಲ್ಲಿ ಹೋಯಿತು?

ಅದನ್ನು ತಿಳಿಯಬೇಕಾದರೆ ಯೂನಿಟ್ ಎಂದರೆ ಏನು ಎಂದು ತಿಳಿಯಬೇಕು.

ಯೂನಿಟ್ ಎಂದರೆ ಏನು?

ಅಕ್ಕಿಯನ್ನು ಸೇರಿನಲ್ಲಿ, ಕಿಲೋದಲ್ಲಿ ಅಳೆಯುತ್ತೇವೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ.

ಪ್ರತಿ ಬಲ್ಬಿನ ಮೇಲೆ ಒಂದು ಅಂಕಿ ಬರೆದಿರುತ್ತದೆ. 9 ವ್ಯಾಟ್, 60 ವ್ಯಾಟ್, 100 ವ್ಯಾಟ್ ಎಂದು. ಅದು ಆ ಬಲ್ಬಿನ ಹಸಿವು. ಅಂಕಿ ದೊಡ್ಡದಾದಷ್ಟೂ ಹಸಿವು ಹೆಚ್ಚು. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 100 ವ್ಯಾಟಿನ ಬಲ್ಬು ಹತ್ತು ಗಂಟೆ ಉರಿದರೂ ಒಂದು ಯೂನಿಟ್.

ಲೆಕ್ಕ ಹೀಗೆ ಮಾಡಿ. ವ್ಯಾಟನ್ನು ಗಂಟೆಯಿಂದ ಗುಣಿಸಿ. ಬಂದದ್ದನ್ನು 1000ದಿಂದ ಭಾಗಿಸಿ. ಅಷ್ಟೇ.

ಈಗ ನಮ್ಮ ಅಕ್ಕನ ಮನೆಗೆ ಬನ್ನಿ. ನಾವು ಒಂದೊಂದೇ ಕೋಣೆ ನೋಡಿದೆವು. ಪಡಸಾಲೆ ಆಯಿತು, ಅಡಿಗೆಮನೆ ಆಯಿತು, ಬಚ್ಚಲು ಆಯಿತು. ಕೊನೆಗೆ ಕೊಟ್ಟಿಗೆಗೆ ಹೋದೆವು. ಅಲ್ಲಿ 100 ವ್ಯಾಟಿನ ಹಳೆಯ ಬಲ್ಬು ಇತ್ತು. "ಇದು ಯಾವಾಗ ಹಾಕಿದ್ದು?" ಎಂದೆ. "ಈ ಮಳೆಗಾಲದಲ್ಲಿ ಚಿರತೆ ಬಂದು ನಾಯಿ ಹೊತ್ತುಕೊಂಡು ಹೋಯಿತು ಟೀಚರ್. ಕರು ಇದೆಯಲ್ಲ, ಅದಕ್ಕೆ ರಾತ್ರಿ ಇಡೀ ಹಾಕಿಡ್ತೀವಿ" ಎಂದರು.

ರಾತ್ರಿ 12 ಗಂಟೆ ಕಾಲ 100 ವ್ಯಾಟ್. ಗುಣಿಸಿದರೆ 1200. ಅಂದರೆ ದಿನಕ್ಕೆ 1.2 ಯೂನಿಟ್. 30 ದಿನಕ್ಕೆ 36 ಯೂನಿಟ್. ಕಳ್ಳ ಸಿಕ್ಕಿದ!

ಈಗ ಏನು ಮಾಡುವುದು? ಬಲ್ಬು ಆರಿಸಿ ಎಂದು ಹೇಳಲಿಕ್ಕೆ ಆಗುತ್ತದೆಯೇ? ಕರುವನ್ನು ಕತ್ತಲಲ್ಲಿ ಬಿಡಲಿಕ್ಕೆ ಆಗುತ್ತದೆಯೇ? ಇಲ್ಲ. ಬಲ್ಬು ಬದಲಾಯಿಸಿದೆವು. 9 ವ್ಯಾಟಿನ ಎಲ್.ಇ.ಡಿ. ಬಲ್ಬು ಹಾಕಿದೆವು. ಬೆಳಕು ಮೊದಲಿನಷ್ಟು ಇಲ್ಲ. ಆದರೆ ಕೊಟ್ಟಿಗೆಗೆ ಧಾರಾಳ ಸಾಕು. ಅದೇ 12 ಗಂಟೆ, ಅದೇ 30 ದಿನ. ಈಗ ತಿಂಗಳಿಗೆ ಮೂರೂ ಕಾಲು ಯೂನಿಟ್ಟೂ ಆಗುವುದಿಲ್ಲ.

ಮುಂದಿನ ತಿಂಗಳು ಬಿಲ್ಲು ಬಂತು. 53 ಯೂನಿಟ್. ಮಿತಿಯ ಒಳಗೆ. ಬಿಲ್ಲು ಸೊನ್ನೆ. ಅಕ್ಕ ಆ ಬಿಲ್ಲನ್ನು ಗಂಡನ ಮುಂದೆ ಇಟ್ಟು ತಾವೇ ಓದಿ ಹೇಳಿದರಂತೆ. ಜಗಳಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಯೋಚಿಸಿ.

ಅದಕ್ಕೆ ಹೇಳುತ್ತೇನೆ, ಬಿಲ್ಲನ್ನು ಯಾರಿಂದಲೋ ಓದಿಸಬೇಡಿ. ನೀವೇ ಓದಿ. ನಿಯಮ ಬದಲಾದರೂ ಅಂಕಿ ಓದುವ ವಿದ್ಯೆ ನಿಮ್ಮ ಕೈಯಲ್ಲೇ ಇರುತ್ತದೆ.

ಹಳೆಯ ಬಲ್ಬು, ಹೊಸ ಬಲ್ಬು

ಹಳೆಯ ಬಲ್ಬಿನ ಒಳಗೆ ಸಣ್ಣ ತಂತಿ ಇದೆ. ಕರೆಂಟು ಹರಿದರೆ ಆ ತಂತಿ ಕಾದು ಕೆಂಡವಾಗುತ್ತದೆ. ಕೆಂಡದಿಂದ ಬೆಳಕು ಬರುತ್ತದೆ. ಉರಿಯುವ ಬಲ್ಬನ್ನು ಮುಟ್ಟಿದರೆ ಕೈ ಸುಡುತ್ತದೆ, ಅಲ್ವಾ? ನೂರು ಪಾಲು ಕರೆಂಟು ತಿಂದರೆ ಬೆಳಕಾಗುವುದು ಐದು ಪಾಲಿನಷ್ಟು ಮಾತ್ರ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಬಾವಿಯಿಂದ ನೂರು ಕೊಡ ನೀರು ಸೇದಿ, ಐದು ಕೊಡ ಹಂಡೆಗೆ ಹಾಕಿ, ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದ ಹಾಗೆ!

ಎಲ್.ಇ.ಡಿ. ಬಲ್ಬಿನಲ್ಲಿ ಕಾಯುವ ತಂತಿ ಇಲ್ಲ. ಅದರೊಳಗಿನ ಸಣ್ಣ ಸಣ್ಣ ಹರಳುಗಳಿಂದ ನೇರವಾಗಿ ಬೆಳಕು ಬರುತ್ತದೆ. ಅದಕ್ಕೇ ಕರೆಂಟು ಕಡಿಮೆ ಸಾಕು. ಇಂಥ ಬಿಳಿ ಬೆಳಕಿಗೆ ದಾರಿ ಮಾಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಮೂವರೂ ಜಪಾನಿನಲ್ಲಿ ಹುಟ್ಟಿದವರು. 2015ರಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆಯಲ್ಲಿ ಈ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಲು ತೊಡಗಿತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಹೊಸ ಬೆಳಕು" ಎಂಬ ಹೆಸರಿತ್ತು.

60 ವ್ಯಾಟಿನ ಹಳೆಯ ಬಲ್ಬು ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ ಎಷ್ಟು?

ಹಳೆಯ ಬಲ್ಬು: 9 ಯೂನಿಟ್.
ಎಲ್.ಇ.ಡಿ.: ಒಂದೂವರೆ ಯೂನಿಟ್ಟಿಗಿಂತ ಕಡಿಮೆ.

ಹಳೆಯ ಬಲ್ಬು ಅಗ್ಗ ಎಂದು ತರುತ್ತೇವೆ. ತರುವಾಗ ಅಗ್ಗ. ಉರಿಸುವಾಗ ತುಟ್ಟಿ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನಕ್ಷತ್ರದ ಗುರುತು ನೋಡಿ. ನಕ್ಷತ್ರ ಹೆಚ್ಚು ಇದ್ದಷ್ಟೂ ಉಳಿತಾಯ ಹೆಚ್ಚು. ಅಂಗಡಿಯ ರಸೀದಿ ಕೇಳಿ ತೆಗೆದುಕೊಳ್ಳಿ. ಬಲ್ಬು ಬೇಗ ಕೆಟ್ಟರೆ ಬದಲಾಯಿಸಿ ಕೇಳಲಿಕ್ಕೆ ಬರುತ್ತದೆ.

ಹಳೆಯ ಟ್ಯೂಬ್‌ಲೈಟಿಗೆ 40 ವ್ಯಾಟ್ ಎನ್ನುತ್ತಾರೆ. ಚೋಕು ತಿನ್ನುವುದು ಸೇರಿದರೆ 50 ಆಗುತ್ತದೆ. ಎಲ್.ಇ.ಡಿ. ಟ್ಯೂಬಿಗೆ 20 ವ್ಯಾಟ್ ಸಾಕು.

ಸೊನ್ನೆಯಲ್ಲದ ಜೀರೋ ಬಲ್ಬು

ದೇವರ ಮುಂದೆ ಕೆಂಪು ಜೀರೋ ಬಲ್ಬು ಹಗಲು ರಾತ್ರಿ ಉರಿಯುತ್ತದೆ. "ಅದು ಜೀರೋ, ಕರೆಂಟು ತಿನ್ನುವುದಿಲ್ಲ" ಎನ್ನುತ್ತೇವೆ. ಹೆಸರು ಮಾತ್ರ ಜೀರೋ. ಹಳೆಯ ಜೀರೋ ಬಲ್ಬು 15 ವ್ಯಾಟಿನವರೆಗೂ ತಿನ್ನುತ್ತದೆ. 24 ಗಂಟೆ ಉರಿದರೆ ತಿಂಗಳಿಗೆ ಹತ್ತು ಯೂನಿಟ್ಟಿಗೂ ಮೇಲೆ! ಸಂಜೆ 5 ಗಂಟೆ ಉರಿಯುವ 60 ವ್ಯಾಟಿನ ದೊಡ್ಡ ಬಲ್ಬು ತಿನ್ನುವುದು 9 ಯೂನಿಟ್. ನೋಡಿದಿರಾ, ಬಾಯಿ ಸಣ್ಣದು, ಊಟ ದೊಡ್ಡದು.

ದೇವರ ದೀಪ ಬೇಡ ಎನ್ನುತ್ತಿಲ್ಲ. ಎಲ್.ಇ.ಡಿ.ಯಲ್ಲೂ ಜೀರೋ ಬಲ್ಬು ಸಿಗುತ್ತದೆ. ಅರ್ಧ ವ್ಯಾಟಿನದು ಇದೆ. ಅದು ತಿಂಗಳು ಪೂರ್ತಿ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ದೇವರಿಗೂ ಬೆಳಕು, ನಮಗೂ ಉಳಿತಾಯ.

ಸೂರ್ಯನಿಗೆ ಬಿಲ್ಲಿಲ್ಲ

ಹಗಲಿನಲ್ಲಿ ನಮ್ಮ ಅಡಿಗೆಮನೆಗಳಲ್ಲಿ ದೀಪ ಯಾಕೆ ಉರಿಯುತ್ತದೆ? ಕಿಟಕಿಗೆ ಡಬ್ಬಿ ಅಡ್ಡ ಇಟ್ಟಿರುತ್ತೇವೆ. ಗೋಡೆ ಹೊಗೆಯಿಂದ ಕಪ್ಪಾಗಿರುತ್ತದೆ. ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ. ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಕೊಡುತ್ತದೆ.

ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಕಿಟಕಿ ಖಾಲಿ ಮಾಡಿ. ಹೆಂಚಿನ ಮನೆಯಾದರೆ ಒಂದೆರಡು ಗಾಜಿನ ಹೆಂಚು ಹಾಕಿಸಿ. ಮಳೆಗಾಲದ ಪಾಚಿ ಕಟ್ಟಿದರೆ ಉಜ್ಜಿ ತೊಳೆಸಿ. ನಮ್ಮ ಹಿರಿಯರು ಬೆಳಕಿಂಡಿ ಇಟ್ಟು ಮನೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ಬಲ್ಬಿನ ಮೇಲಿನ ಧೂಳನ್ನೂ ಒರೆಸಿ. ಧೂಳು, ಹೊಗೆ, ಎಣ್ಣೆ ಜಿಡ್ಡು ಬೆಳಕನ್ನು ತಡೆಯುತ್ತವೆ. ಆದರೆ ಎಚ್ಚರ! ಮೊದಲು ಸ್ವಿಚ್ ಆರಿಸಿ. ಬಲ್ಬು ತಣ್ಣಗಾಗಲಿ. ಕೈ ಒಣಗಿರಲಿ. ಕಾಲಲ್ಲಿ ಚಪ್ಪಲಿ ಇರಲಿ. ಒಣ ಬಟ್ಟೆಯಿಂದ ಒರೆಸಿ.

ಉಳಿತಾಯ ಎಂದರೆ ಕತ್ತಲಲ್ಲ

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಮಗು ಓದುವಲ್ಲಿ ಬೆಳಕು ಕಡಿಮೆ ಮಾಡಬೇಡಿ. ರಾತ್ರಿ ಹೆಣ್ಣುಮಕ್ಕಳು ಹೊರಗೆ ಹೋಗುವ ದಾರಿಯಲ್ಲಿ ದೀಪ ಬೇಕು. ವಯಸ್ಸಾದವರು ಏಳುವ ಕಡೆ ದೀಪ ಬೇಕು. ನೀವು ಹೊಲಿಯುವಾಗ, ಹೂ ಕಟ್ಟುವಾಗ, ಓದುವಾಗ ನಿಮಗೂ ಒಳ್ಳೆಯ ಬೆಳಕು ಬೇಕು. ಎಷ್ಟೋ ಮನೆಗಳಲ್ಲಿ ಟಿ.ವಿ. ಇರುವಲ್ಲಿ ಎರಡು ದೀಪ, ಹೆಂಗಸು ಅಡಿಗೆ ಮಾಡುವಲ್ಲಿ ಒಂದು ಮಂಕು ದೀಪ. ಅದು ಉಳಿತಾಯ ಅಲ್ಲ. ಬೇಕಾದಲ್ಲಿ ಚೆನ್ನಾಗಿ ಹಚ್ಚಿ. ಬೇಡವಾದಲ್ಲಿ ಶಾಂತ ಮಾಡಿ.

ನನ್ನ ತಪ್ಪು

ಉಪದೇಶ ಮಾಡುವವಳು ತನ್ನ ತಪ್ಪನ್ನೂ ಹೇಳಬೇಕು. ಒಂದು ಶನಿವಾರ ಮಧ್ಯಾಹ್ನ ಬಸ್ಸು ತಪ್ಪುತ್ತದೆ ಎಂದು ಓಡಿದೆ. ಶಾಲೆಯ ಎರಡು ಟ್ಯೂಬ್‌ಲೈಟ್ ಆರಿಸಲಿಲ್ಲ. ಸೋಮವಾರ ಬೆಳಗ್ಗೆ ಬಂದಾಗಲೂ ಉರಿಯುತ್ತಿದ್ದವು. 45 ಗಂಟೆ! ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಲೆಕ್ಕ ಮಾಡಿದಳು. ನಾಲ್ಕೂವರೆ ಯೂನಿಟ್. ನಾನು ತಲೆ ತಗ್ಗಿಸಿ ನಿಂತೆ. ಅವತ್ತಿನಿಂದ ಶಾಲೆ ಬಿಡುವಾಗ ಸ್ವಿಚ್ ನೋಡುವ ಕೆಲಸ ಮಕ್ಕಳದು. ಅಂಗನವಾಡಿ, ಸಂಘದ ಮನೆ, ಸಮುದಾಯ ಭವನ, ಎಲ್ಲ ಕಡೆಯೂ ಹೀಗೆ ಒಬ್ಬರಿಗೆ ಜವಾಬ್ದಾರಿ ಕೊಡಬೇಕು. ಎಲ್ಲರ ಮನೆ ಎಂದರೆ ಯಾರದೂ ಅಲ್ಲದ ಮನೆ ಆಗಬಾರದು.

ಬೀದಿ ದೀಪದ ಅರ್ಜಿ

ಊರಿನ ಬೀದಿ ದೀಪಗಳು ಬೆಳಗ್ಗೆ ಹತ್ತು ಗಂಟೆಗೂ ಉರಿಯುವುದನ್ನು ನೋಡಿದ್ದೀರಿ. ಅದರ ಬಿಲ್ಲು ಕಟ್ಟುವುದು ಯಾರು? ಗ್ರಾಮ ಪಂಚಾಯತಿ. ಅದು ನಮ್ಮ ಹಣ. 40 ವ್ಯಾಟಿನ ಹತ್ತು ದೀಪ ಹಗಲು 12 ಗಂಟೆ ಸುಮ್ಮನೆ ಉರಿದರೆ ತಿಂಗಳಿಗೆ 144 ಯೂನಿಟ್ ಹಾಳು.

ನಮ್ಮ ಕೇಂದ್ರದ ಅಕ್ಕಂದಿರು ಗ್ರಾಮಸಭೆಗೆ ಒಂದು ಅರ್ಜಿ ಬರೆದರು. ಇದು ಅವರೇ ಬರೆದ ಅರ್ಜಿ:

"ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ ನಮಸ್ಕಾರ. ನಮ್ಮ ಕೇರಿಯ ಬೀದಿ ದೀಪ ಹಗಲು ಉರಿಯುತ್ತದೆ. ಬಾವಿಯ ದಾರಿಯಲ್ಲಿ ರಾತ್ರಿಯೂ ದೀಪ ಇಲ್ಲ. ಹಗಲು ಉರಿಯುವುದನ್ನು ನಿಲ್ಲಿಸಿ. ಬಾವಿಯ ದಾರಿಗೆ ಒಂದು ದೀಪ ಕೊಡಿ. ಇಂತಿ, ಕೇರಿಯ ಹೆಂಗಸರು."

ಕೆಳಗೆ ಹದಿನಾಲ್ಕು ಸಹಿ. ಒಂದೂ ಹೆಬ್ಬೆಟ್ಟಿಲ್ಲ! ಗ್ರಾಮಸಭೆಯಲ್ಲಿ ಅರ್ಜಿ ಓದಿದ್ದು ಕೊಟ್ಟಿಗೆ ಬಲ್ಬಿನ ಅಕ್ಕನೇ. ಓದುವಾಗ ಧ್ವನಿ ನಡುಗಿತು. ಆದರೆ ಪೂರ್ತಿ ಓದಿದರು. ಈಗ ದೀಪಗಳಿಗೆ ಸ್ವಿಚ್ ಪೆಟ್ಟಿಗೆ ಇಟ್ಟಿದ್ದಾರೆ. ಆರಿಸುವ ಕೆಲಸ ಒಬ್ಬರಿಗೆ ವಹಿಸಿದ್ದಾರೆ. ಬಾವಿಯ ದಾರಿಯ ದೀಪ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ.

ಕೊನೆಯ ಮಾತು

ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಹಾಗೆ ಒಂದು ಯೂನಿಟ್ ಮಾಡಲು ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಅದರ ಹೊಗೆ, ಬೂದಿ ಅಲ್ಲಿಯ ಜನರ ಪಾಲು. ನೀರಿನ ಕರೆಂಟಿಗೆ ನನ್ನ ಅಜ್ಜಿಯಂಥವರ ಊರು ಹೋಯಿತು. ನಮಗೆ ಬಿಲ್ಲು ಸೊನ್ನೆ ಬರಬಹುದು. ಆದರೆ ಎಲ್ಲೋ ಯಾರೋ ಬೆಲೆ ಕಟ್ಟಿರುತ್ತಾರೆ. ಪುಕ್ಕಟೆ ಕರೆಂಟು ಎಂಬುದು ಇಲ್ಲವೇ ಇಲ್ಲ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಪುಸ್ತಕದಲ್ಲಿ ನಿಮ್ಮ ಮನೆಯ ದೀಪಗಳ ಪಟ್ಟಿ ಬರೆಯಿರಿ.

ದೀಪ ಎಲ್ಲಿದೆ?
ಎಷ್ಟು ವ್ಯಾಟ್?
ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ?
ತಿಂಗಳಿಗೆ ಎಷ್ಟು ಯೂನಿಟ್?

ನಾಳೆ ಬರುವಾಗ ಪುಸ್ತಕ ತನ್ನಿ, ಬಿಲ್ಲೂ ತನ್ನಿ. ಕೂತು ಲೆಕ್ಕ ಮಾಡೋಣ.

ನನ್ನ ಅಜ್ಜಿ ಈಗ ಇಲ್ಲ. ಅವರಿಗೆ ಓದು ಬರುತ್ತಿರಲಿಲ್ಲ, ಬಿಲ್ಲು ನೋಡಲು ಬರುತ್ತಿರಲಿಲ್ಲ. ಆದರೆ ಒಂದು ದೀಪದ ಬೆಲೆ ಎಷ್ಟು ಎಂದು ಅವರಿಗೆ ಗೊತ್ತಿತ್ತು. ನಮಗೆ ಈಗ ಓದೂ ಬರುತ್ತದೆ, ಲೆಕ್ಕವೂ ಬರುತ್ತದೆ.

ಹೋಗುವಾಗ ಕಡೆಗೆ ಹೊರಡುವವರು ಈ ಕೋಣೆಯ ದೀಪ ಶಾಂತ ಮಾಡಿ ಬನ್ನಿ.